ಹೆಸರು ಒಂದೇ, ವ್ಯಾಟ್ ಬೇರೆ

2020ರ ಸೆಪ್ಟೆಂಬರಿನಲ್ಲಿ ಇಂಟೆಲ್ ಹೊರತಂದ ಕೋರ್ ಐ7-1165ಜಿ7 ನಿಜಕ್ಕೂ ಒಳ್ಳೆಯ ಚಿಪ್. ನಾಲ್ಕು ಕೋರ್‌ಗಳು, 4.7 ಗಿಗಾಹರ್ಟ್ಸ್‌ವರೆಗೆ ಏರುವ ವೇಗ, ಒಳಗೇ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್. ತಕರಾರಿರುವುದು ಅದನ್ನು ಮಾರಿದ ಬಗೆಯಲ್ಲಿ. ಲ್ಯಾಪ್‌ಟಾಪ್ ತಯಾರಕರು ಅದನ್ನು 12ರಿಂದ 28 ವ್ಯಾಟ್‌ವರೆಗಿನ ಯಾವ ಮಿತಿಗೆ ಬೇಕಾದರೂ ಹೊಂದಿಸಬಹುದಿತ್ತು. ಇಂಟೆಲ್ ಕೊಟ್ಟ ವಿವರದಲ್ಲೇ ಮೂಲ ವೇಗ 12 ವ್ಯಾಟ್‌ನಲ್ಲಿ 1.2 ಗಿಗಾಹರ್ಟ್ಸ್, 28ರಲ್ಲಿ 2.8. ಎರಡು ಪಟ್ಟಿಗೂ ಮೀರಿದ ಈ ಅಂತರ ಸ್ಟಿಕ್ಕರಿನಲ್ಲಿ ಕಾಣುವುದಿಲ್ಲ; ಎರಡಕ್ಕೂ ಐ7 ಎಂದೇ ಹೆಸರು.

ಮಿತಿ ಹಾಕುವುದೇ ತಪ್ಪಲ್ಲ. ಚಿಪ್ ನುಂಗುವ ವಿದ್ಯುತ್ತು ಆವರ್ತನದ ಜೊತೆಗೂ ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ಹಾಗಾಗಿ ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗೆ ತೆರುವ ಬೆಲೆ ವಿಪರೀತ. ತೆಳ್ಳಗಿನ, ಸದ್ದಿಲ್ಲದ, ಬ್ಯಾಟರಿ ಬಾಳುವ ಯಂತ್ರ ಬೇಕೆನ್ನುವವರಿಗೆ 15 ವ್ಯಾಟ್ ವಿವೇಕದ ಆಯ್ಕೆಯೇ. ಆದರೆ ಆಯ್ದುಕೊಳ್ಳಬೇಕಾದರೆ ಅದು ಮೊದಲು ಗೊತ್ತಿರಬೇಕಲ್ಲ?

ಅಳತೆಗೂ ಈ ಮಿತಿ ಸುಲಭವಾಗಿ ಸಿಕ್ಕುವುದಿಲ್ಲ. ಭಾರ ಬಿದ್ದೊಡನೆ ಪ್ರೊಸೆಸರ್ ಪಿಎಲ್2 ಎಂಬ ಮೇಲಿನ ಮಿತಿಗೆ ಜಿಗಿಯುತ್ತದೆ. ಟೌ ಎಂಬ ಅವಧಿ, ಹಲವು ಯಂತ್ರಗಳಲ್ಲಿ 28 ಸೆಕೆಂಡ್, ಕಳೆದ ಮೇಲೆ ಪಿಎಲ್1 ಎಂಬ ನಿರಂತರ ಮಿತಿಗೆ ಇಳಿಯುತ್ತದೆ. ಬೇಗ ಮುಗಿಯುವ ಪರೀಕ್ಷೆ ಆ ಜಿಗಿತವನ್ನಷ್ಟೇ ಅಳೆಯುತ್ತದೆ. ಸಿನೆಬೆಂಚ್ ಆರ್23 ಎಂಬ ಪರೀಕ್ಷಾ ತಂತ್ರಾಂಶ ಹತ್ತು ನಿಮಿಷದ ಓಟವನ್ನು ರೂಢಿ ಮಾಡಿದ್ದು ಈ ದೃಷ್ಟಿಯಿಂದ ದೊಡ್ಡ ಉಪಕಾರ.

ಮಿತಿ ಕಡಿಮೆಯಾದಾಗ ಹೆಚ್ಚು ಪೆಟ್ಟು ಬೀಳುವುದು ಗ್ರಾಫಿಕ್ಸ್‌ಗೆ. ಅದಕ್ಕೂ ಕೋರ್‌ಗಳಿಗೂ ಸೇರಿ ವಿದ್ಯುತ್ತಿನ ಮಿತಿ ಒಂದೇ. ಒಂದೇ ಪಂಪ್‌ಸೆಟ್ಟಿನಿಂದ ಎರಡು ಗದ್ದೆಗೆ ನೀರು ಹಾಯಿಸಿದಂತೆ. ಗೇಮ್ ಆಡುವಾಗ ಕೋರ್‌ಗಳು ಅಗತ್ಯಕ್ಕಿಂತ ಮೇಲೇರಿದರೆ, ಆ ವ್ಯಾಟ್‌ಗಳು ಚಿತ್ರ ಬಿಡಿಸುವ ಭಾಗದ ಪಾಲಿನಿಂದಲೇ ಹೋಗುತ್ತವೆ. ಮಿತಿ ಕಡಿಮೆಯಿರುವ ಯಂತ್ರಗಳಲ್ಲಿ ಕೋರ್‌ಗಳನ್ನು ಮೂಲ ವೇಗದ ಮೇಲಕ್ಕೇರಿಸುವ ಟರ್ಬೊವನ್ನು ನಿಲ್ಲಿಸಿದಾಗ ಫ್ರೇಮ್‌ಗಳು ಹೆಚ್ಚುವುದೂ ಉಂಟು. ಮೊದಲ ಸಲ ನೋಡುವವರಿಗೆ ಇದು ತಲೆಕೆಳಗಾಗಿ ತೋರುತ್ತದೆ, ಆದರೆ ಲೆಕ್ಕ ಸರಿಯಾಗಿಯೇ ಇದೆ.

ಇಂಟೆಲ್‌ಗೆ ಹೆಸರಿನ ಮೇಲೆ ಷರತ್ತು ಹಾಕಲು ಬರುವುದಿಲ್ಲವೇ? ಖಂಡಿತ ಬರುತ್ತದೆ. ಇದೇ ಚಿಪ್‌ಗೆ ಒಂದೇ ಚಾನೆಲ್ ಮೆಮೊರಿ ಹಾಕಿದರೆ ಐರಿಸ್ ಎಕ್ಸ್‌ಇ ಎಂಬ ಹೆಸರು ಸಿಗುವುದಿಲ್ಲ, ವಿಂಡೋಸ್‌ನಲ್ಲಿ ಬರೀ ಯುಎಚ್‌ಡಿ ಎಂದು ಕಾಣುತ್ತದೆ. ಮೆಮೊರಿಗೆ ತೋರಿದ ಈ ಕಟ್ಟುನಿಟ್ಟನ್ನು ವ್ಯಾಟ್‌ಗೆ ತೋರದಿದ್ದುದನ್ನು ನಾನು ಒಪ್ಪಲಾರೆ.

12ನೇ ಪೀಳಿಗೆಯ ಚಿಪ್‌ಗಳಿಂದ ಇಂಟೆಲ್ ಮೂಲ ವಿದ್ಯುತ್ತು, ಗರಿಷ್ಠ ಟರ್ಬೊ ವಿದ್ಯುತ್ತು ಎಂದು ಎರಡು ಅಂಕಿಗಳನ್ನು ಕೊಡತೊಡಗಿತು. ಐ7-1255ಯುಗೆ 15 ಮತ್ತು 55 ವ್ಯಾಟ್. ಸುಧಾರಣೆಯೇನೋ ಹೌದು, ಆದರೆ ಕೊಳ್ಳುವ ಯಂತ್ರ ಈ ಎರಡರ ನಡುವೆ ಎಲ್ಲಿ ನಿಂತಿದೆ ಎಂಬುದು ಹೊರಬೀಳುವುದಿಲ್ಲ. 2022ರಲ್ಲಿ ಬಂದ ವಾಲ್ವ್‌ನ ಕೈಗೇಮ್ ಯಂತ್ರ ಸ್ಟೀಮ್ ಡೆಕ್ ಇದಕ್ಕೆ ತದ್ವಿರುದ್ಧ: 4ರಿಂದ 15 ವ್ಯಾಟ್ ಎಂದು ವಿವರಪಟ್ಟಿಯಲ್ಲೇ ಹೇಳಿ, ಮಿತಿಯನ್ನು ಇಳಿಸುವ ಸೌಲಭ್ಯವನ್ನೂ ಬಳಕೆದಾರರ ಕೈಗೆ ಕೊಟ್ಟಿತು. ಲ್ಯಾಪ್‌ಟಾಪ್ ಕಂಪನಿಗಳು ಮಾಡಬೇಕಾದ್ದು ಇಷ್ಟೇ: ರ‍್ಯಾಮ್, ಸ್ಟೋರೇಜ್‌ಗಳ ಸಾಲಿನಲ್ಲಿ ಪಿಎಲ್1 ಮತ್ತು ಪಿಎಲ್2 ಎಷ್ಟೆಂದು, ಚಾರ್ಜರ್ ಇದ್ದಾಗ ಒಂದು, ಬ್ಯಾಟರಿಯಲ್ಲಿದ್ದಾಗ ಇನ್ನೊಂದು ಎಂದು ಅಚ್ಚು ಹಾಕಿಸಬೇಕು.