ಕ್ರೈಸ್ತ ಭಕ್ತಿವಾಕ್ಯಗಳೂ ಅನ್ಯಮತೀಯ ಸಹೃದಯನೂ

ಒಂದು ಮತದ ಭಕ್ತಿವಾಕ್ಯಗಳನ್ನು ಆ ಮತದಲ್ಲಿ ನಂಬುಗೆಯಿಲ್ಲದವನು ಕೇಳಿದಾಗ ಅವನ ಹೃದಯದಲ್ಲಿ ಉಂಟಾಗತಕ್ಕ ವಿಕಾರವು ಯಾವ ಜಾತಿಯದು? ಅದು ಭಕ್ತಿಯೇ, ರಸವೇ, ಕೇವಲ ಲೌಕಿಕವಾದ ಮರುಕವೇ? ಈ ಪ್ರಶ್ನೆಯನ್ನು ಕ್ರೈಸ್ತ ವಾಙ್ಮಯದ ಮಟ್ಟಿಗೆ ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶವು. ಮತಗಳ ತಾರತಮ್ಯವಾಗಲಿ ಮತಾಂತರದ ಯುಕ್ತಾಯುಕ್ತತೆಯಾಗಲಿ ಇಲ್ಲಿ ಪ್ರಕೃತವಲ್ಲ.

ಈ ವಿಚಾರಕ್ಕೆ ಕೋಲಾರದ ಚಿನ್ನದ ಗಣಿಗಳ ಪ್ರದೇಶಕ್ಕಿಂತ ಅನುಕೂಲವಾದ ಕ್ಷೇತ್ರವು ದುರ್ಲಭ. 1880ರಿಂದ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯವರು ಅಲ್ಲಿ ಗಣಿಗಳನ್ನು ನಡೆಸತೊಡಗಿದಾಗ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರು ತಮ್ಮ ಮೆಥಡಿಸ್ಟ್ ಕೀರ್ತನೆಗಳೊಡನೆ ಬಂದರು. ಉತ್ತರ ಆರ್ಕಾಟು ಮುಂತಾದ ಸೀಮೆಗಳಿಂದ ತಮಿಳು ಕೂಲಿಕಾರರು ಬಂದರು. ಚಾಂಪಿಯನ್ ರೀಫ್, ಊರಿಗಾಂ, ಮಾರಿಕುಪ್ಪಂಗಳಲ್ಲಿ ಕ್ರೈಸ್ತ ದೇವಾಲಯಗಳು ಎದ್ದಂತೆಯೇ ಮುರುಗನ ಕೋವಿಲುಗಳೂ ಎದ್ದವು. ಅಯೋತ್ತಿದಾಸ ಪಂಡಿತರ ಬೌದ್ಧಸಂಘಕ್ಕೆ ಅಲ್ಲಿ ಶಾಖೆಯಿದ್ದಿತು. ಮುಂದೆ ದೇವರನ್ನೇ ಒಪ್ಪದ ಕಾರ್ಮಿಕ ನಾಯಕರೂ ಅಲ್ಲಿ ಬೆಳೆದರು. ಅಂತೂ ಒಂದೇ ಸಾಲಿನ ಮನೆಗಳಲ್ಲಿ ನಂಬುವವನೂ ನಂಬದವನೂ ಒಂದೇ ಪ್ರಾರ್ಥನೆಯನ್ನು ಕೇಳಿಕೊಂಡು ನೂರು ವರ್ಷಕ್ಕೆ ಮೇಲ್ಪಟ್ಟು ಬಾಳಿದ್ದಾರೆ. ಬೌರಿಂಗ್ ದೊರೆಯ ಹೆಸರನ್ನು ಬಹುಕಾಲ ಹೊತ್ತಿದ್ದ ಬಂಗಾರಪೇಟೆಯು ಈ ಪ್ರದೇಶಕ್ಕೆ ಹೆಬ್ಬಾಗಿಲು.

ಆ ಊರಿನ ವೈದಿಕಮಿತ್ರರೊಬ್ಬರು ನೆರೆಮನೆಯ ಕ್ರೈಸ್ತ ಗೃಹಸ್ಥನ ಅಂತ್ಯಸಂಸ್ಕಾರಕ್ಕೆ ಹೋಗಿದ್ದು, ಅಲ್ಲಿನ ಪ್ರಾರ್ಥನೆಯನ್ನು ಕೇಳಿ ತಮಗೆ ಕಣ್ಣೀರು ಬಂದುದನ್ನು ನಮ್ಮಲ್ಲಿ ಹೇಳಿಕೊಂಡರು. “ಶಾಸ್ತ್ರಿಗಳೇ, ಇದು ಸ್ವಧರ್ಮಕ್ಕೆ ಚ್ಯುತಿಯಲ್ಲವೇ?” ಎಂಬುದು ಅವರ ಶಂಕೆ. ಇದನ್ನು ನಕ್ಕು ತಳ್ಳಿಬಿಡುವಂತಿಲ್ಲ. ಕಣ್ಣೀರೇ ಮತಸ್ವೀಕಾರವೆಂದಾದರೆ ಅನ್ಯಮತದ ಯಾವ ಗ್ರಂಥವನ್ನೂ ಪಾಠಶಾಲೆಯಲ್ಲಿ ನಿರ್ಭಯವಾಗಿ ಓದಿಸುವಂತಿಲ್ಲ. ಕಣ್ಣೀರು ಸುಳ್ಳೆಂದಾದರೆ ನೆರೆಯವನ ದುಃಖದಲ್ಲಿ ನಿಂತುದೂ ಸುಳ್ಳಾಗುವುದು.

ನಂಬುಗೆಯಿಲ್ಲದವನಿಗೆ ಆಸ್ವಾದವೇ ಅಸಂಭವವೆಂಬ ಪೂರ್ವಪಕ್ಷವು ಕನ್ನಡದಲ್ಲಿ ನಿಲ್ಲಲಾರದು. 941ರ ಸುಮಾರಿಗೆ ಪಂಪನು ಆದಿಪುರಾಣವನ್ನು ಜೈನಧರ್ಮಕ್ಕಾಗಿಯೇ ಬರೆದನು. ನೀಲಾಂಜನೆಯು ನರ್ತಿಸುತ್ತಲೇ ಮಾಯವಾಗುವ ಭಾಗವನ್ನು ಓದುವ ಸ್ಮಾರ್ತನಾಗಲಿ ವೀರಶೈವನಾಗಲಿ ಜಿನಮತವನ್ನು ಸ್ವೀಕರಿಸಿದವನಲ್ಲ. ಆದರೂ ಸಂಸಾರದ ಅನಿತ್ಯತೆಯು ಅವನ ಎದೆಯನ್ನು ತಟ್ಟುತ್ತದೆ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವ್ಯಾಪಾರಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಹಾಗಾದರೆ ಕ್ರೈಸ್ತವಾಕ್ಯಗಳಲ್ಲಿ ಕೆಲವು ಅನ್ಯಮತೀಯನನ್ನು ಕರಗಿಸುವುದೂ ಕೆಲವು ಕೆರಳಿಸುವುದೂ ಏಕೆ? ಬಂಗಾರಪೇಟೆಯ ರೈಲ್ವೆ ನಿಲ್ದಾಣದ ಬಳಿ ನಿಂತು, ಹೋಗಿಬರುವವರನ್ನು ಪಾಪಿಗಳೇ ಎಂದು ಕೂಗಿ ಕರೆದು, ನರಕಾಗ್ನಿಯನ್ನು ವರ್ಣಿಸುವ ಬೋಧಕನ ಮಾತಿಗೆ ದಾರಿಹೋಕನು ಹುಬ್ಬು ಗಂಟಿಕ್ಕುವನು. ಅದೇ ದಾರಿಹೋಕನು ಆಸ್ಪತ್ರೆಯ ಹಾಸಿಗೆಯಲ್ಲಿ ಮುದುಕಿಯೊಬ್ಬಳು ಯೇಸುವನ್ನು ಮೆಲ್ಲನೆ ಕರೆಯುವುದನ್ನು ಕೇಳಿದರೆ ಹೆಜ್ಜೆಯನ್ನು ತಡೆದು ನಿಲ್ಲುವನು. ಎರಡರಲ್ಲಿಯೂ ಮತವೊಂದೇ, ದೇವರೊಬ್ಬನೇ. ಭೇದವಿರುವುದು ಮಾತು ಯಾರನ್ನು ಕುರಿತದ್ದೆಂಬುದರಲ್ಲಿ. ಮೊದಲನೆಯ ಮಾತು ಕೇಳುವವನನ್ನೇ ಕುರಿತು ಅವನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ, ಅಪರಾಧಿಯು ಸಹೃದಯನಾಗಲಾರನು. ಎರಡನೆಯದು ದೇವರನ್ನು ಕುರಿತದ್ದು. ಕೇಳುವವನು ಅದಕ್ಕೆ ಪಕ್ಕದಲ್ಲಿ ನಿಂತ ಸಾಕ್ಷಿ ಮಾತ್ರ. ನಾಟ್ಯದ ಪ್ರೇಕ್ಷಕನ ಸ್ಥಿತಿಯೂ ಇದೇ ಅಲ್ಲವೇ?

ನಮ್ಮ ಆಲಂಕಾರಿಕರು ಶಬ್ದವನ್ನು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತವೆಂದು ವಿಭಾಗಿಸಿದ್ದಾರೆ. ಪ್ರಭುಸಮ್ಮಿತವಾದ ಆಜ್ಞೆಯು ಪ್ರಭುವನ್ನು ಒಪ್ಪಿದವನ ಮೇಲೆ ಮಾತ್ರ ನಡೆಯುತ್ತದೆ. ಒಪ್ಪದವನಿಗೆ ಅದು ಬರಿಯ ಗದರಿಕೆ. ಸುವಾರ್ತೆಯಲ್ಲಿನ ದೃಷ್ಟಾಂತಕಥೆಗಳಾದರೋ ಸುಹೃತ್ಸಮ್ಮಿತಗಳು. ತಪ್ಪಿಹೋದ ಮಗನ ಕಥೆಯಲ್ಲಿ, ಆಸ್ತಿಯನ್ನು ಹಾಳುಮಾಡಿ ಬಂದ ಮಗನನ್ನು ದೂರದಿಂದಲೇ ಕಂಡು ಓಡಿಹೋಗಿ ಅಪ್ಪಿಕೊಳ್ಳುವ ಮುದಿತಂದೆಯ ವಾತ್ಸಲ್ಯವನ್ನು ಅರಿಯುವುದಕ್ಕೆ ಯಾವ ದೀಕ್ಷೆಯೂ ಬೇಕಾಗಿಲ್ಲ. ಹಿರಿಯ ಮಗನ ಮುನಿಸಂತೂ ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಬೆಳೆದವರಿಗೆ ವ್ಯಾಖ್ಯಾನವಿಲ್ಲದೆಯೇ ತಿಳಿಯುವುದು.

ಇನ್ನು ಶಬ್ದಗಳ ವಿಚಾರ. ಅನ್ಯಮತೀಯನಿಗೆ ಸಿದ್ಧಾಂತಕ್ಕಿಂತ ಶಬ್ದವೇ ಹೆಚ್ಚಾಗಿ ಅಡ್ಡ ಬರುವುದೆಂದು ನಮ್ಮ ಅಭಿಪ್ರಾಯ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮೊದಲಾದವರು ಬೈಬಲನ್ನು ಕನ್ನಡಿಸಲು ಪಟ್ಟ ಶ್ರಮವು ಸ್ತುತ್ಯವಾದುದು. ಆದರೆ ಅನುವಾದಕನು ಶಬ್ದವನ್ನು ಎರವಲು ತರುವಾಗ ಅದರ ಹಿಂದಣ ಸಂಸ್ಕಾರವನ್ನು ಕಳೆದು ತರಲಾರನು. ಪ್ರಾಟೆಸ್ಟೆಂಟರ ಕನ್ನಡದಲ್ಲಿ ಪ್ರಭುವಿಗೆ ‘ಕರ್ತ’ನೆಂದು ಹೆಸರು. ವ್ಯಾಕರಣವನ್ನು ಓದಿದವನಿಗೆ ಕರ್ತೃವು ಒಂದು ಕಾರಕ. ನೈಯಾಯಿಕನಿಗೆ ಅವನು ಅನುಮಾನದಿಂದ ಸಾಧಿಸಬೇಕಾದ ಜಗತ್ಕರ್ತೃ. ವೈದಿಕರ ಮನೆಯಲ್ಲಿಯಾದರೋ ಸತ್ತವನಿಗೆ ಉತ್ತರಕ್ರಿಯೆ ಮಾಡುವ ಮಗನೇ ಕರ್ತೃ! ಶವದ ಮುಂದೆ ಕರ್ತನನ್ನು ಕೂಗಿದರೆ ಅಲ್ಲಿ ನಿಂತ ಪುರೋಹಿತನ ಕಣ್ಣು ಅರಿಯದೆಯೇ ಹಿರಿಯ ಮಗನನ್ನು ಹುಡುಕುವುದು. ಹಾಗೆಯೇ ‘ಪರಲೋಕ’. ದೇವರ ಆನಂದರಾಜ್ಯವೆಂದು ಕ್ರೈಸ್ತನು ಹರ್ಷದಿಂದ ಆಡುವ ಮಾತು, ಪರಲೋಕಪ್ರಾಪ್ತಿಯೆಂದರೆ ಮರಣವೆಂದೇ ರೂಢಿಯುಳ್ಳ ಕಿವಿಗೆ ಅಮಂಗಳವಾಗಿ ಕೇಳಿಸುವುದು.

ರಕ್ತ ಮತ್ತು ಕುರಿಮರಿಗಳ ಮಾತು ಇನ್ನೂ ಕಠಿನ. ನಿರ್ದೋಷವಾದ ಮರಿಯೊಂದು ಪರರಿಗಾಗಿ ಹತವಾಯಿತೆಂಬಲ್ಲಿ ಕ್ರೈಸ್ತನಿಗೆ ಕೃತಜ್ಞತೆಯಿಂದ ಎದೆ ತುಂಬುವುದು. ಯಜ್ಞದಲ್ಲಿಯೂ ಹಿಟ್ಟಿನ ಪಶುವನ್ನು ವಿಧಿಸಿಕೊಂಡ ಮಾಧ್ವನಿಗೂ, ಅಹಿಂಸೆಯೇ ಧರ್ಮಸರ್ವಸ್ವವಾದ ಜೈನನಿಗೂ, ರಕ್ತದಿಂದ ತೊಳೆಯುವುದೆಂಬ ರೂಪಕವು ಕರುಣಕ್ಕೆ ಬದಲು ಬೀಭತ್ಸವನ್ನು ಒಡ್ಡುತ್ತದೆ. ಮಾರಮ್ಮನ ಜಾತ್ರೆಯಲ್ಲಿ ಕುರಿಯನ್ನು ಒಪ್ಪಿಸಿ ಬಲ್ಲ ಒಕ್ಕಲಿಗನಿಗೆ ಈ ತೊಡಕಿಲ್ಲ. ಈ ಒಂದು ಎಡೆಯಲ್ಲಿ ಪಂಡಿತನಿಗಿಂತ ಅವನೇ ಉತ್ತಮ ಅಧಿಕಾರಿಯೆಂದು ಒಪ್ಪಬೇಕು.

ಗಣಿಯ ತಮಿಳರಲ್ಲಿ ಈ ಬಗೆಯ ಅಡ್ಡಿ ಕಡಮೆ. ಕ್ಯಾಥೊಲಿಕರು ಕ್ರಿಸ್ತನನ್ನು ‘ಆಂಡವರ್’ ಎನ್ನುತ್ತಾರೆ. ಪಳನಿಯ ಮುರುಗನೂ ಆಂಡವನೇ. ಮೇರಿಯ ಗುಡಿಯು ಜನರ ಬಾಯಲ್ಲಿ ಮಾದಾಕೋವಿಲ್. ಶಬ್ದವು ಎರಡು ಮನೆಗಳಿಗೂ ಸಾಧಾರಣವಾಗಿರುವುದರಿಂದ ಹೃದಯವು ಹೊಸ್ತಿಲಲ್ಲಿ ಎಡವುವುದಿಲ್ಲ. ಈಚೆಗೆ ಕ್ಯಾಥೊಲಿಕರೂ ಇತರರೂ ಕೂಡಿ ಸಿದ್ಧಪಡಿಸಿದ ಕನ್ನಡ ಬೈಬಲಿನಲ್ಲಿ ‘ಸರ್ವೇಶ್ವರ’ ಎಂಬ ಶಬ್ದವನ್ನು ಬಳಸಿರುವುದು ಈ ದೃಷ್ಟಿಯಿಂದ ಸಮರ್ಪಕವಾಗಿದೆ.

ಶಬ್ದವೇ ಅಡ್ಡಿಯಾದರೆ ಹೆಸರುಗಳನ್ನು ಬಿಟ್ಟ ಪದ್ಯವು ಸುಲಭವಾಗಿ ಒಳಹೊಗಬೇಕಷ್ಟೆ. ಹಾಗೆಯೇ ಆಗಿದೆ. 1833ರಲ್ಲಿ ಸಿಸಿಲಿಯಿಂದ ಹಿಂದಿರುಗುತ್ತಿದ್ದ ನ್ಯೂಮನ್ ಹಡಗಿನಲ್ಲಿ ರಚಿಸಿದ ಪ್ರಾರ್ಥನೆಯನ್ನು ಬಿ. ಎಂ. ಶ್ರೀಕಂಠಯ್ಯನವರು ‘ಕರುಣಾಳು ಬಾ ಬೆಳಕೆ’ ಎಂದು ಕನ್ನಡಿಸಿದರು. ಮೂಲದಲ್ಲಿಯೇ ಕ್ರಿಸ್ತನ ನಾಮವಿಲ್ಲ. ಬೆಳಕನ್ನು ಕುರಿತ ಸಂಬೋಧನೆಯಿದೆ. ಉಪನಿಷತ್ತಿನ ವಾಸನೆಯುಳ್ಳ ಕಿವಿಗೆ ಕತ್ತಲೆ ಬೆಳಕುಗಳ ಮಾತು ಪರಕೀಯವಲ್ಲ. ನಾಡಿನ ಶಾಲೆಗಳಲ್ಲಿಯೂ ಸಭೆಗಳಲ್ಲಿಯೂ ಇದನ್ನು ಹಾಡಿ ಕಣ್ಣೊರೆಸಿಕೊಳ್ಳುವವರಲ್ಲಿ ಎಷ್ಟೋ ಮಂದಿ ಅದು ಆಂಗ್ಲ ಪಾದ್ರಿಯೊಬ್ಬನ ಪ್ರಾರ್ಥನೆಯೆಂದು ಅರಿಯರು. ಅನುವಾದವು ಮನೋಹರವಾದುದೇ ಸರಿ. ಆದರೆ ಅನ್ಯಮತೀಯನು ಇಲ್ಲಿ ಯಾವ ಹೊಳೆಯನ್ನೂ ದಾಟಬೇಕಾಗಿಲ್ಲ. ಆದಕಾರಣ ನಮ್ಮ ಪ್ರಶ್ನೆಗೆ ಇದು ಸುಲಭವಾದ ಪರೀಕ್ಷೆ.

ಕಠಿನವಾದ ಪರೀಕ್ಷೆಯನ್ನು ಕೈಕೊಂಡವರು ಮಂಜೇಶ್ವರದ ಗೋವಿಂದ ಪೈಗಳು. ಮೂವತ್ತರ ದಶಕದ ಅವರ ‘ಗೊಲ್ಗೊಥಾ’ ಕಾವ್ಯಕ್ಕೆ ಯೇಸುವಿನ ಕೊನೆಯ ದಿನವೇ ವಸ್ತು. ಗೌಡ ಸಾರಸ್ವತ ಬ್ರಾಹ್ಮಣರಾದ ಅವರು ಹೆಸರುಗಳನ್ನು ಮರೆಮಾಡಲಿಲ್ಲ, ಶಿಲುಬೆಯನ್ನು ಬಿಡಲಿಲ್ಲ, ಯೇಸುವನ್ನು ವಿಷ್ಣುವಿನ ಅವತಾರವೆಂದು ಮೆತ್ತಗೆ ಮಾಡಲಿಲ್ಲ. ಅವರ ಪದಯೋಜನೆಯು ಕರ್ಕಶವೆಂದೂ ಸಮಾಸಗಳು ಹೊರೆಯೆಂದೂ ಆಕ್ಷೇಪಿಸುವವರುಂಟು, ಆಕ್ಷೇಪವು ನಿರಾಧಾರವಲ್ಲ. ಆದರೂ ಕೊಲ್ಲುವವರ ಮೇಲೆಯೂ ಕರುಣೆಯುಳ್ಳ ಒಬ್ಬ ಮನುಷ್ಯನ ಸಾವನ್ನು ಅದು ಓದುಗನ ಮುಂದೆ ನಿಲ್ಲಿಸುತ್ತದೆ. ಅದನ್ನು ಓದಿದ ಅನ್ಯಮತೀಯನಲ್ಲಿ ಹುಟ್ಟುವುದು ಭಕ್ತಿಯಲ್ಲ. ಕರುಣವೂ ಅದರೊಳಗೆ ದಯಾವೀರವೂ ಹುಟ್ಟುತ್ತವೆ. ದೇವತಾವಿಷಯಕವಾದ ರತಿಯು ಭಾವವೇ ಹೊರತು ರಸವಲ್ಲವೆಂದು ಮಮ್ಮಟನು ಹೇಳಿದುದನ್ನು ಭಕ್ತಿರಸವಾದಿಗಳು ಬಹಳವಾಗಿ ಖಂಡಿಸಿದ್ದಾರೆ. ಆ ವಿವಾದವು ನಂಬುವವನಿಗೆ ಸಂಬಂಧಪಟ್ಟದ್ದು. ನಂಬದವನಿಗೆ ಆ ರತಿಯೇ ಇಲ್ಲ. ಇಲ್ಲದ ಸ್ಥಾಯಿಯ ಎಡೆಯಲ್ಲಿ ಎಲ್ಲರಿಗೂ ಇರುವ ಶೋಕವೂ ಉತ್ಸಾಹವೂ ನಿಂತು ಕೆಲಸಮಾಡುವುವು. ಗೊಲ್ಗೊಥಾವನ್ನು ಪಾಠ ಹೇಳುವ ಉಪಾಧ್ಯಾಯರು ಕ್ರಿಸ್ತನೂ ನಮ್ಮ ಋಷಿಗಳಂತೆಯೇ ಎಂಬ ಸಮಾಧಾನವಾಕ್ಯವನ್ನು ಮುಂದಿಡುವ ವಾಡಿಕೆಯನ್ನು ಬಿಟ್ಟರೆ ಒಳ್ಳೆಯದು. ಕಾವ್ಯಕ್ಕೆ ಆ ಊರುಗೋಲು ಬೇಕಿಲ್ಲ.

ಆದುದರಿಂದ ವೈದಿಕಮಿತ್ರರಿಗೆ ಧರ್ಮಚ್ಯುತಿಯ ಭಯವು ಅನಾವಶ್ಯಕವೆಂದು ನಾವು ಉತ್ತರ ಕೊಟ್ಟೆವು. ಆದರೆ ಅವರ ಕಣ್ಣೀರನ್ನು ರಸವೆಂದೂ ನಾವು ಒಪ್ಪಲಿಲ್ಲ. ಅಭಿನವಗುಪ್ತನು ಎಣಿಸಿದ ಏಳು ರಸವಿಘ್ನಗಳಲ್ಲಿ, ತನ್ನ ಸ್ವಂತ ಸುಖದುಃಖಗಳಿಗೆ ವಶನಾಗುವುದೂ ಒಂದು. ನೆರೆಯವನನ್ನು ಕಳೆದುಕೊಂಡವನು ಅತ್ತುದು ಪ್ರಾರ್ಥನೆಯ ಚರ್ವಣೆಯಿಂದಲೋ ಸ್ವಂತ ಶೋಕದಿಂದಲೋ ಎಂದು ಬೇರ್ಪಡಿಸುವುದು ಕಷ್ಟ.

ಗಣಿಯಲ್ಲಿ ಈ ಕಷ್ಟವು ಇಮ್ಮಡಿಯಾಗುವುದು. ಕೀರ್ತನೆಗಳ ಗ್ರಂಥದಲ್ಲಿ 130ನೆಯದು, ಆಳದಲ್ಲಿ ಸಿಕ್ಕಿದವನೊಬ್ಬನು ದೇವರನ್ನು ಕೂಗುವ ಮೊರೆ. ಕ್ಯಾಥೊಲಿಕರ ಮೃತಪ್ರಾರ್ಥನೆಗಳಲ್ಲಿ ಬಹುಕಾಲದಿಂದ ಸಲ್ಲುತ್ತ ಬಂದದ್ದು. ಜೆರೂಸಲೇಮಿನ ಭಕ್ತನಿಗೆ ಆ ಆಳವು ನೀರಿನದೋ ಪಾಪದ್ದೋ ಆಗಿರಬಹುದು. ಚಾಂಪಿಯನ್ ರೀಫಿನ ಗಣಿಯಾದರೋ ನೆಲದೊಳಕ್ಕೆ 3 ಕಿಲೋಮೀಟರಿಗೂ ಮಿಕ್ಕು ಇಳಿದಿತ್ತು. ಬಂಡೆ ಸಿಡಿದು ಕೂಲಿಕಾರರು ಅಲ್ಲಿಯೇ ಸಮಾಧಿಯಾದುದುಂಟು. ಮುರುಗನನ್ನು ನಂಬಿದ ವಿಧವೆಯೂ ಏನನ್ನೂ ನಂಬದ ಸಂಘದ ಕಾರ್ಯದರ್ಶಿಯೂ ಆ ಕೀರ್ತನೆಯನ್ನು ಕೇಳುವಾಗ ಆಳವೆಂಬ ಶಬ್ದಕ್ಕೆ ಲಕ್ಷಣೆಯೇ ಬೇಕಾಗಿರಲಿಲ್ಲ. ವಾಚ್ಯಾರ್ಥವೇ ಎದೆಯನ್ನು ಸೀಳುತ್ತಿತ್ತು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆ ಮೇಲೆ ಹುಟ್ಟಿದ ತರುಣರು ಮುಂಜಾನೆಯ ರೈಲಿನಲ್ಲಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗಿ ಇರುಳಿಗೆ ಮನೆ ಸೇರುವರು. ನೆರೆಮನೆಯ ಸಾವಿನಲ್ಲಿ ಅವರೂ ಅದೇ ಕೀರ್ತನೆಯನ್ನು ಕೇಳುವರು. ಆದರೆ ಅವರು ಗಣಿಗೆ ಇಳಿದವರಲ್ಲ. ಸ್ವಂತ ಭಯದ ವಿಘ್ನವು ತೊಲಗಿದುದರಿಂದ ಇವರಿಗೆ ರಸವು ಶುದ್ಧವಾಗಿ ಸಿದ್ಧಿಸುವುದೋ, ವಿಭಾವವೇ ಕ್ಷೀಣಿಸಿದುದರಿಂದ ಏನೂ ಸಿದ್ಧಿಸದೆ ಹೋಗುವುದೋ, ಅಲ್ಲಿಯ ಶಾಲೆಗಳಲ್ಲಿ ಸಾಹಿತ್ಯವನ್ನು ಬೋಧಿಸುವ ಮಿತ್ರರು ಪರಿಶೀಲಿಸಿ ತಿಳಿಸಬೇಕು.