'ಮದ್ರಾಸಿ'ಗೆ ನೊಂದವರು

ದೆಹಲಿಯಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಒಂದು ದೂರು ಬಂದೇ ಬರುತ್ತದೆ: "ಇಲ್ಲಿಯವರಿಗೆ ನಾವೆಲ್ಲಾ ಮದ್ರಾಸಿಗಳೇ ಕಣ್ರೀ!" ಬೀದರಿನವನೂ ಮದ್ರಾಸಿ, ಕಾರವಾರದವಳೂ ಮದ್ರಾಸಿ. ಹೊರನಾಡಿನ ಬದುಕಿನ ಬಗ್ಗೆ ನಮ್ಮವರು ಬರೆದ ಬರಹಗಳಲ್ಲಿ ಈ ಅಳಲು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಅಳಲೇನೂ ಸುಳ್ಳಲ್ಲ. ಆದರೆ ಅದನ್ನು ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು.

ಈ ಪದ ಆಕಾಶದಿಂದ ಉದುರಿದ್ದಲ್ಲ. ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿ ತಮಿಳರ ಜೊತೆಗೆ ತೆಲುಗರು, ಮಲಬಾರಿನವರು, ನಮ್ಮ ಬಳ್ಳಾರಿಯವರು, ದಕ್ಷಿಣ ಕನ್ನಡದವರೂ ಇದ್ದರು. ಬಳ್ಳಾರಿಯ ಬಹುಭಾಗ 1953ರಲ್ಲಿ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿಯವರೆಗೆ ಮಂಗಳೂರಿನಿಂದ ಹೊರಟವನು ಕಾಗದದ ಲೆಕ್ಕದಲ್ಲಿ ಮದ್ರಾಸಿನವನೇ. ಪ್ರಾಂತ್ಯ ಹೋಯಿತು, ಹೆಸರು ಮಾತ್ರ ಉಳಿದು ಹೀಯಾಳಿಕೆಯಾಯಿತು. ಮುಂಬಯಿಯಲ್ಲಿ 1966ರಲ್ಲಿ ಶಿವಸೇನೆ ಹುಟ್ಟಿ, ದಕ್ಷಿಣದವರ ವಿರುದ್ಧ ಚಳವಳಿ ನಡೆದಾಗ ಉಟ್ಟ ಲುಂಗಿಯೂ ಬೈಗುಳವಾಯಿತು. ಉಡುಪಿ ಹೋಟೆಲುಗಳ ಮೇಲೂ ದಾಳಿಗಳಾದವು.

ಸರಿ, ಇದಕ್ಕೆ ನಾವು ಕೊಡುವ ಉತ್ತರ ಏನು? "ನಾವು ಮದ್ರಾಸಿಗಳಲ್ಲ, ಕನ್ನಡಿಗರು." ಅಂದರೆ, ಬೈಗುಳದ ವಿಳಾಸ ತಪ್ಪಿದೆ, ಪಕ್ಕದ ಮನೆಗೆ ಹೋಗಿ ಅಂತ! ವಿಳಾಸ ತಪ್ಪು ಅನ್ನೋದು ಬೇರೆ, ಬೈಯೋದೇ ತಪ್ಪು ಅನ್ನೋದು ಬೇರೆ. ನಮ್ಮ ಬರಹಗಳು ಮೊದಲನೆಯದನ್ನು ಬಹಳ ಸೊಗಸಾಗಿ ಹೇಳಿವೆ. ಎರಡನೆಯದನ್ನು ಹೇಳಿದ್ದು ಕಡಿಮೆ.

ಇಷ್ಟು ನೊಂದ ಕಿವಿ ಬೇರೆಯವರ ನೋವಿಗೂ ಚುರುಕಾಗಿರಬೇಕಿತ್ತು. ಹಾಗೇನೂ ಕಾಣುವುದಿಲ್ಲ. ದೆಹಲಿಗೆ ಬಂದ ಕೆಲವೇ ತಿಂಗಳಲ್ಲಿ ನಮ್ಮವರ ಬಾಯಲ್ಲೂ 'ಚೋರಿ-ಚಮಾರಿ' ಸರಾಗವಾಗಿ ಬರತೊಡಗುತ್ತದೆ. ಅದು ನಮ್ಮ 'ಕಳ್ಳತನ-ಗಿಳ್ಳತನ' ಇದ್ದ ಹಾಗೆ ಅಂದುಕೊಳ್ಳುತ್ತಾರೆ. ಗಿಳ್ಳತನಕ್ಕೆ ಅರ್ಥವಿಲ್ಲ ಸ್ವಾಮಿ, ಚಮಾರಿಗೆ ಇದೆ. ಚರ್ಮಕಾರ ಎಂಬ ಸಂಸ್ಕೃತ ಶಬ್ದದಿಂದ ಬಂದ ಚಮಾರ, ಚರ್ಮದ ಕೆಲಸವನ್ನು ಕುಲಕಸುಬೆಂದು ಹೊರಿಸಲಾದ ಸಮುದಾಯದ ಹೆಸರು. ಒಂದು ಇಡೀ ಜನವನ್ನು ಕಳ್ಳತನದ ಜೋಡಿಪದ ಮಾಡಿ, ಅದನ್ನು ದಿನದ ಮಾತಿಗೆ ಇಳಿಸಿಬಿಟ್ಟಿದ್ದಾರೆ. ಜಾತಿಯ ಹೆಸರೇ ಆದರೂ, ಸಾರ್ವಜನಿಕವಾಗಿ ಅವಮಾನಿಸುವ ಉದ್ದೇಶದಿಂದ ಒಬ್ಬ ದಲಿತನನ್ನು 'ಚಮಾರ' ಎಂದು ಕರೆಯುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಎಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. ಕೋರ್ಟು ಮನುಷ್ಯನ ಮುಖಕ್ಕೆ ಎಸೆದ ಮಾತನ್ನು ಹಿಡಿಯಬಹುದು. ಯಾರನ್ನೂ ಉದ್ದೇಶಿಸದೆ, ಚಹಾ ಕುಡಿಯುತ್ತಾ ಆಡುವ ಜೋಡಿಪದವನ್ನು ಹಿಡಿಯುವವರು ಯಾರು?

'ಅರ್ಥ ಗೊತ್ತಿರಲಿಲ್ಲ' ಅನ್ನುವ ಮಾತು ಕನ್ನಡದವರಿಗೆ ಅಷ್ಟಾಗಿ ಒಪ್ಪುವುದೂ ಇಲ್ಲ. ನಮ್ಮ 'ಸಮಗಾರ' ಕೂಡ ಅದೇ ಚರ್ಮಕಾರನ ಕನ್ನಡ ರೂಪ. ಹನ್ನೆರಡನೆಯ ಶತಮಾನದ ಸಮಗಾರ ಹರಳಯ್ಯನನ್ನು ಶರಣನೆಂದು ಕೈಮುಗಿಯುತ್ತೇವೆ. ಬಸವ ಜಯಂತಿಯ ದಿನ ದೆಹಲಿಯ ಸಭೆಗಳಲ್ಲೂ ಅವನ ಹೆಸರು ಬರುತ್ತದೆ. ಸಭೆ ಮುಗಿದು ಹೊರಗೆ ಬಂದ ಮೇಲೆ ಹಿಂದಿಯಲ್ಲಿ ಅವನ ಕುಲವನ್ನು ಕಳ್ಳತನಕ್ಕೆ ಗಂಟು ಹಾಕುತ್ತೇವೆಯಲ್ಲ, ಇದೆಂಥ ಭಕ್ತಿ? ದೊಡ್ಡವರಾದ ಮೇಲೆ ಭಾಷೆ ಕಲಿಯುವವನಿಗೆ ಒಂದು ಅನುಕೂಲವಿದೆ. ಅಲ್ಲಿಯೇ ಹುಟ್ಟಿದವನು ಕೇಳದ ಪ್ರಶ್ನೆಯನ್ನು ಇವನು ಕೇಳಬಹುದು: 'ಹೀಗಂದ್ರೆ ಏನು?' ಅಂತ.

ಊರಲ್ಲಿ ಕೂತು ಇದನ್ನು ಓದುವವರಿಗೂ ಒಂದು ಮಾತು. ಕೊಂಗುನಾಡು ಅಂದರೆ ಕೊಯಮತ್ತೂರು, ಈರೋಡು ಕಡೆಯ ಒಂದು ಸೀಮೆ. ಬೆಂಗಳೂರಿನಲ್ಲಿ ಮಾತ್ರ ತಮಿಳು ಆಡುವವರೆಲ್ಲ 'ಕೊಂಗ'ರು. ಅವರು ಮಧುರೆಯವರಾದರೂ ಅಷ್ಟೆ, ಮೂರು ತಲೆಮಾರಿನಿಂದ ಇಲ್ಲೇ ಇದ್ದವರಾದರೂ ಅಷ್ಟೆ. ಒಂದು ಸೀಮೆಯ ಹೆಸರನ್ನು ಎಲ್ಲರ ಮೈಗೆ ಬಳಿಯುವ ಈ ಲೆಕ್ಕ 'ಮದ್ರಾಸಿ'ಗಿಂತ ಯಾವುದರಲ್ಲಿ ಬೇರೆ? 1991ರ ಡಿಸೆಂಬರಿನಲ್ಲಿ, ಕಾವೇರಿ ಗಲಭೆಯಲ್ಲಿ, ತಮಿಳರ ಮನೆ-ಅಂಗಡಿಗಳ ಮೇಲೆ ಕೈ ಎತ್ತಿದವರ ನಾಲಿಗೆಗೆ ಆ ಪದ ಮೊದಲೇ ಅಭ್ಯಾಸವಾಗಿತ್ತು. ಈಗ ಒಡಿಶಾ, ಜಾರ್ಖಂಡ್, ಅಸ್ಸಾಮಿನಿಂದ ಕಟ್ಟಡದ ಕೆಲಸಕ್ಕೆ ಬಂದವರನ್ನೆಲ್ಲ 'ಬಿಹಾರಿಗಳು' ಅಂದು ಮುಗಿಸುತ್ತೇವೆ.

ಆ ಹುಡುಗರೂ ರಾತ್ರಿ ನಾಲ್ಕು ಜನ ಸೇರಿದಾಗ ಅವರ ಭಾಷೆಯಲ್ಲಿ ನಮ್ಮದೇ ದೂರನ್ನು ಹೇಳಿಕೊಳ್ಳುತ್ತಿರಬಹುದು.