ಸಹೋದರ ಎಂಬ ನುಡಿಯ ಒಳಗೆ



ಬಲಿಪೂಜೆಯಲ್ಲಿ ಧರ್ಮಗುರು ‘ಪ್ರಿಯ ಸಹೋದರ ಸಹೋದರಿಯರೇ’ ಎಂದು ಕರೆಯುವಾಗ ಆ ಪದದಲ್ಲೇ ತಾಯಿಯ ಗರ್ಭವಿದೆ. ಒಂದೇ ಉದರದಿಂದ ಬಂದವನು ಸಹೋದರ. ಸಂತ ಪೌಲರು ತಮ್ಮ ಪತ್ರಗಳಲ್ಲಿ ಬಳಸಿದ ‘ಅದೆಲ್ಫೊಸ್’ ಎಂಬ ಗ್ರೀಕ್ ಪದವೂ ಹಾಗೆಯೇ. ‘ದೆಲ್ಫಿಸ್’ ಎಂದರೆ ಗರ್ಭ. ಹೀಬ್ರೂ ಭಾಷೆಯಲ್ಲಿ ಗರ್ಭವನ್ನು ಸೂಚಿಸುವ ‘ರೆಹೆಮ್’, ಕರುಣೆಯನ್ನು ಸೂಚಿಸುವ ‘ರಹಮೀಮ್’ ಒಂದೇ ಧಾತುವಿನಿಂದ ಹುಟ್ಟಿದವು.

ದೇವಾಲಯದಲ್ಲಿ ಇಷ್ಟು ಗೌರವ ಪಡೆದದ್ದು ಮನೆಯಲ್ಲಿ ಏಕೆ ನಾಚಿಕೆಯ ಮಾತಾಗುತ್ತದೆ? ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ನಮ್ಮ ಆಡುನುಡಿಯನ್ನು ಗಮನಿಸಿ. ‘ಬಸುರಿ’, ‘ಗರ್ಭಿಣಿ’ ಎನ್ನಲು ಯಾರೂ ಹಿಂಜರಿಯರು. ಕೂಸನ್ನು ಹೊತ್ತಾಗ ಹೆಸರುಂಟು, ಸಂಭ್ರಮವುಂಟು. ಅದೇ ಅಂಗ ನೊಂದಾಗ ಮಾತ್ರ ‘ಹೊಟ್ಟೆನೋವು’, ‘ಹೆಂಗಸರ ತೊಂದರೆ’ ಎಂಬ ಮರೆಮಾತುಗಳು. ‘ಗರ್ಭಕೋಶ’ ಎಂಬ ಪದ ಕಿವಿಗೆ ಬೀಳುವುದು ಹೆಚ್ಚಾಗಿ ‘ತೆಗೆಸಿಬಿಟ್ಟರಂತೆ’ ಎಂಬುದರ ಜೊತೆಯಲ್ಲೇ. ನಾನೂ ನಿರ್ದೋಷಿಯಲ್ಲ. ರೋಗಿಗಳ ಪ್ರಾರ್ಥನಾ ಚೀಟಿಯಲ್ಲಿ ಆ ಪದವಿದ್ದಾಗ ‘ಹೊಟ್ಟೆಯ ಕಾಯಿಲೆ’ ಎಂದು ಬದಲಿಸಿ ಓದಿದ್ದೇನೆ.

ಪದಗಳನ್ನೇ ತೂಗಿ ನೋಡೋಣ. ಲೂಕನ ಶುಭಸಂದೇಶದಲ್ಲಿ ಎಲಿಜಬೇತಳು ಮರಿಯಮ್ಮನವರನ್ನು ಹರಸುವಾಗ ಬರುವ ಗ್ರೀಕ್ ಪದ ‘ಕೊಯಿಲಿಯ’. ಅದಕ್ಕೆ ಹೊಟ್ಟೆಯೆಂದೂ ಗರ್ಭವೆಂದೂ ಅರ್ಥ. ನಮ್ಮ ಜಪದ ‘ಉದರ’ಕ್ಕೂ ಈ ಎರಡರ್ಥಗಳಿವೆ. ಪ್ರಾರ್ಥನೆಗೆ ಅದು ಸೊಗಸು. ವೈದ್ಯರ ಮುಂದೆ ಸಾಲದು. ‘ಗರ್ಭಚೀಲ’ ಸುಲಭ, ಆದರೆ ಬರಿದಾದ ಚೀಲವನ್ನು ಬಿಸಾಡಬಹುದೆಂಬ ಭಾವ ಅದರಲ್ಲಿ ಸುಳಿಯುತ್ತದೆ. ‘ಕೋಶ’ವೆಂದರೆ ಬೊಕ್ಕಸವೂ ಹೌದು. ಆದ್ದರಿಂದ ನನ್ನ ಒಲವು ‘ಗರ್ಭಕೋಶ’ದ ಕಡೆಗೆ.

ಇದು ಬರಿಯ ಪದಚರ್ಚೆಯಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆಯೆಂದು 2017ರಲ್ಲಿ ಕಲಬುರಗಿಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರು ಬೀದಿಗಿಳಿದರು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮೂರು ತಿಂಗಳೊಳಗೆ ಅದನ್ನು ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಕೆಲವೊಮ್ಮೆ ಆ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ, ನಿಜ. ಆದರೆ ‘ಏಕೆ ತೆಗೆಯಬೇಕು, ಬೇರೆ ಚಿಕಿತ್ಸೆ ಇಲ್ಲವೇ’ ಎಂದು ಕೇಳಲು ಬಾಯಿ ಬೇಕು. ಬಾಯಿಗೆ ಪದ ಬೇಕು. ಗರ್ಭಕೋಶದ ಕಂಠದಲ್ಲಿ ಹುಟ್ಟುವ ಕ್ಯಾನ್ಸರನ್ನು ಆರಂಭದಲ್ಲೇ ಗುರುತಿಸಿದರೆ ಗುಣಪಡಿಸಬಹುದು. ಮುಟ್ಟು ನಿಂತ ಮೇಲೂ ರಕ್ತಸ್ರಾವವಾಗುವ ತಾಯಿ ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಮಾತ್ರೆ ನುಂಗಿದರೆ, ನಮ್ಮ ಸಂಕೋಚಕ್ಕೆ ಬೆಲೆ ತೆರುವವಳು ಅವಳೇ.

ತಾಯಂದಿರೇ, ತಂದೆಯರೇ, ಇಂದು ಸಂಜೆ ಜಪಸರ ಮುಗಿದ ಮೇಲೆ ಮಗಳಿಗೂ ಮಗನಿಗೂ ಆ ಪದವನ್ನು ಸಹಜವಾಗಿ ಹೇಳಿಕೊಡಿ. ಮುಂದಿನ ಬಾರಿ ಪ್ರಾರ್ಥನಾ ಚೀಟಿಯಲ್ಲಿ ಅದು ಬಂದರೆ, ನಾನೂ ಬರೆದಿದ್ದಂತೆಯೇ ಓದುತ್ತೇನೆ.